ದಯವಿಟ್ಟು ಎಳನೀರು ಕುಡಿ ಅನ್ನಬೇಡಿ

ಇವತ್ತು ಬೆಳಿಗ್ಗೆ ಎದ್ದು ಫೋನ್ ನೋಡಿದರೆ ಮತ್ತೆ ಅದೇ. ಊರಿಂದ ದೊಡ್ಡಪ್ಪನ ಮಗನ ಮೆಸೇಜು. "ದಿನಾ ಎರಡು ಎಳನೀರು ಕುಡಿಯಪ್ಪ, ಕಿಡ್ನಿ ತೊಳೆದಂಗೆ ಆಯ್ತದೆ." ಜೊತೆಗೆ ಮದ್ದೂರು ಮಾರುಕಟ್ಟೆಯ ಎಳನೀರು ರಾಶಿಯ ಫೋಟೋ ಬೇರೆ. ಮೂರು ವರ್ಷದಲ್ಲಿ ಇದು ಎಷ್ಟನೇ ಸಲವೋ, ಲೆಕ್ಕ ಬಿಟ್ಟಿದ್ದೇನೆ.

ಅಣ್ಣಾ, ತೊಳೆಯುವುದಕ್ಕೆ ಅಲ್ಲಿ ಕಿಡ್ನಿ ಅಂತ ಏನೂ ಉಳಿದಿಲ್ಲ. ಈಗ ತೊಳೆಯುವುದು ರಕ್ತ. ತೊಳೆಯುವುದು ಡಯಾಲಿಸಿಸ್ ಮಷಿನ್ನು.

ಇಂಗ್ಲೆಂಡಿನ ಈ ಬರ್ಮಿಂಗ್‌ಹ್ಯಾಮಿನಲ್ಲಿ ನನ್ನ ವಾರ ಹೇಗಿರುತ್ತದೆ ಅಂತ ಹೇಳುತ್ತೇನೆ. ಸೋಮ, ಬುಧ, ಶುಕ್ರ. ಬೆಳಿಗ್ಗೆ 6:10ಕ್ಕೆ ಮನೆ ಮುಂದೆ ಡಯಾಲಿಸಿಸ್‌ಗೆ ಕರೆದೊಯ್ಯುವ ವ್ಯಾನು. ಚಳಿಗಾಲದಲ್ಲಿ ಆ ಹೊತ್ತಿಗೆ ಇಲ್ಲಿ ಕಗ್ಗತ್ತಲು. ಹೋದ ತಕ್ಷಣ ತಕ್ಕಡಿ ಹತ್ತಬೇಕು. ಹಿಂದಿನ ಸಲಕ್ಕಿಂತ ತೂಕ ಎಷ್ಟು ಏರಿದೆಯೋ ಅಷ್ಟೂ ಮೈಯಲ್ಲಿ ನಿಂತ ನೀರು. ಕದ್ದು ಕುಡಿದರೆ ತಕ್ಕಡಿ ಚಾಡಿ ಹೇಳುತ್ತದೆ. ಆಮೇಲೆ ಎಡಗೈಗೆ ಎರಡು ಸೂಜಿ. ಸೂಜಿ ಅಂದರೆ ದಬ್ಬಣದ ತಮ್ಮ. ನಾಲ್ಕು ಗಂಟೆ ಅಲ್ಲಾಡುವ ಹಾಗಿಲ್ಲ. ರಕ್ತ ಹೊರಗೆಲ್ಲ ಸುತ್ತಿ ಬರುವುದರಿಂದ ಮೈ ತಣ್ಣಗಾಗುತ್ತದೆ, ಜೂನ್‌ನಲ್ಲೂ ಕಂಬಳಿ ಬೇಕು. ಆ ನಾಲ್ಕು ಗಂಟೆಯಲ್ಲಿ ಮಷಿನ್ನಿಗೆ ಸುಮಾರು 120 ಲೀಟರ್ ನೀರು. ನನಗೆ ಇಡೀ ದಿನಕ್ಕೆ ಮುಕ್ಕಾಲು ಲೀಟರ್. ಅದರಲ್ಲೇ ಕಾಫಿ, ಅದರಲ್ಲೇ ಸಾರು, ಅದರಲ್ಲೇ ಮಾತ್ರೆ ನುಂಗುವ ಗುಟುಕು. ಮಧ್ಯಾಹ್ನ ಮನೆಗೆ ಬರುವಾಗ ನಾನು ಹಿಂಡಿದ ಬಟ್ಟೆ.

ಈಗ ಎಳನೀರಿಗೆ ಬರೋಣ. ಕೆಟ್ಟ ಕಿಡ್ನಿಗೆ ಪೊಟ್ಯಾಸಿಯಂ ಹೊರಹಾಕಲು ಆಗುವುದಿಲ್ಲ. ರಕ್ತದಲ್ಲಿ ಅದು ಜಾಸ್ತಿಯಾದರೆ ಹೃದಯದ ಬಡಿತ ತಾಳ ತಪ್ಪುತ್ತದೆ, ನಿಂತೂ ಹೋಗಬಹುದು. ಎಳನೀರಿನ ತುಂಬ ಇರುವುದು ಅದೇ. ಬಾಳೆಹಣ್ಣು, ಟೊಮ್ಯಾಟೊ, ಆಲೂಗಡ್ಡೆ ಎಲ್ಲದರಲ್ಲೂ ಇದೆ. ಅದು ನೀರಿಗೆ ಇಳಿದು ಹೋಗಲಿ ಅಂತ ನಮ್ಮ ಮನೆಯಲ್ಲಿ ತರಕಾರಿ ಬೇಯಿಸಿ ನೀರು ಚೆಲ್ಲುತ್ತೇವೆ. ಬಸ್ಸಾರು ತಿಂದು ಬೆಳೆದ ನನ್ನ ಹೆಂಡತಿ ಬಸಿದ ಕಟ್ಟನ್ನು ಸಿಂಕಿಗೆ ಸುರಿಯುವಾಗ ಅವಳ ಮುಖ ನೋಡಬೇಕು ನೀವು.

"ಪ್ರೀತಿಗೆ ಹೇಳ್ತಾರೆ ಬಿಡ್ರೀ" ಅನ್ನುತ್ತಾಳೆ ಅವಳು. ಇರಬಹುದು. ಆದರೆ ಆ ಪ್ರೀತಿಗೆ "ನೀನೇನು ತಿನ್ನಬಹುದು?" ಅಂತ ಒಂದು ಸಲ ಕೇಳೋಕೆ ಏನು ದಾಡಿ? ಇನ್ನು ಕೆಲವರು, "ನಿಂಗೇನಪ್ಪ, ಅಲ್ಲಿ ಎಲ್ಲಾ ಫ್ರೀ." ಹೌದು, ಇಲ್ಲಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್ ನನಗೆ ಡಯಾಲಿಸಿಸ್ ಬಿಲ್ ಕೊಡುವುದಿಲ್ಲ. ದೊಡ್ಡ ಉಪಕಾರವೇ, ಕೈ ಮುಗಿಯುತ್ತೇನೆ. ಅದಕ್ಕೂ ಎಳನೀರಿಗೂ ಏನು ಸಂಬಂಧ ಮಾರಾಯ್ರೆ?

ಸರಿ, ಒಂದು ವಿಷಯ ಹೇಳಿಬಿಡುತ್ತೇನೆ. ಹೆಂಡತಿ ಇದನ್ನು ಓದುತ್ತಾಳೆ, ಓದಲಿ. ಹೋದ ಬೇಸಿಗೆಯಲ್ಲಿ ಒಂದು ಭಾನುವಾರ ಸೂಪರ್‌ಮಾರ್ಕೆಟ್ಟಿನಲ್ಲಿ ಎಳನೀರಿನ ಡಬ್ಬಿ ಕಂಡಿತು. ಅರ್ಧ ಲೀಟರ್. ಶುಕ್ರವಾರದಿಂದ ಸೋಮವಾರದವರೆಗೆ ಮಷಿನ್ ಇಲ್ಲದ ದಿನಗಳು, ಅಂದರೆ ಅತಿ ಜೋಪಾನವಾಗಿ ಇರಬೇಕಾದ ದಿನಗಳು. ಕಾರ್ ಪಾರ್ಕಿಂಗಿನಲ್ಲಿ ಕಳ್ಳನ ಹಾಗೆ ನಿಂತು ಪೂರ್ತಿ ಕುಡಿದೆ. ರುಚಿಯಾದರೂ ಇತ್ತಾ? ಲೋಟ ತೊಳೆದ ನೀರು. ಮಾರನೇ ದಿನ ರಕ್ತದ ರಿಪೋರ್ಟು ಬಂದ ಕೂಡಲೇ ಎದೆಗೆ ಇಸಿಜಿ ವೈರು ಅಂಟಿಸಿದರು. ನಮ್ಮ ಮಲಯಾಳಿ ನರ್ಸ್ ಚೇಚಿ ರಿಪೋರ್ಟನ್ನು ನೋಡಿದರು, ನನ್ನನ್ನು ನೋಡಿದರು. ಒಂದೇ ಮಾತು. "ಕರಿಕ್ಕಾ?" ಎಳನೀರಾ ಅಂತ. ತೆಂಗಿನ ನಾಡಿನವರಿಂದ ಮುಚ್ಚಿಡಲು ಆಗುತ್ತದೆಯೇ? ತಲೆ ತಗ್ಗಿಸಿದೆ.

ಅದಕ್ಕೇ ಹೇಳುವುದು, ಕುಡಿ ಅನ್ನಬೇಡಿ. ಬೇಡ ಅಂತ ಹೇಳುವವರಿದ್ದಾಗಲೇ ನನ್ನ ಕತೆ ಇಷ್ಟು.

ಬೆಳಗಿನ ಫೋಟೋ ಇನ್ನೂ ಡಿಲೀಟ್ ಮಾಡಿಲ್ಲ. ಎರಡು ಬೆರಳಿನಲ್ಲಿ ಹಿಗ್ಗಿಸಿ ನೋಡಿದೆ. ಮೂಲೆಯಲ್ಲಿ ಮಚ್ಚು ಹಿಡಿದ ಒಂದು ಕೈ, ಕೆತ್ತಿದ ಬುರುಡೆಯ ಬಾಯಲ್ಲಿ ತುಳುಕುತ್ತಿರುವ ನೀರು. ಇವತ್ತೂ ಭಾನುವಾರ. ನನ್ನ ಮುಕ್ಕಾಲು ಲೀಟರಿನಲ್ಲಿ ಉಳಿದಿರುವುದು ಅರ್ಧ ಲೋಟ. ಅದು ರಾತ್ರಿ ಮಾತ್ರೆಗೆ ಬೇಕು.