ಬೇಡ ಅನ್ನೋಕೂ ಒಂದು ಅವಕಾಶ

ಹತ್ತನೇ ವಾರದ ಕೊನೇ ದಿನ ಆ ಹುಡುಗಿ ನನ್ನೆದುರು ಕೂತು, ತಾನು ಟೀಚರ್ ಆಗುವುದಿಲ್ಲ ಎಂದಳು. ಕಲಿಸಿಕೊಟ್ಟಿದ್ದಕ್ಕೆ ಥ್ಯಾಂಕ್ಸ್ ಕೂಡ ಹೇಳಿದಳು. ನನಗೆ ಚುರುಕ್ ಅಂತು. ಅವಳಷ್ಟು ಚೆನ್ನಾಗಿ ಮಕ್ಕಳ ಜೊತೆ ಬೆರೆತವರನ್ನು ನಾನು ಕಂಡಿದ್ದು ಕಡಿಮೆ.

ನಾನು ಇಂಗ್ಲೆಂಡಿನ ಒಂದು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ವಿಜ್ಞಾನ ಲೇಖಕ ಸೈಮನ್ ಸಿಂಗ್ ಮತ್ತು ಹ್ಯೂ ಮೇಸನ್ 2002ರಲ್ಲಿ ಇಲ್ಲಿ ಒಂದು ಯೋಜನೆ ಶುರು ಮಾಡಿದರು. ಡಿಗ್ರಿ ವಿದ್ಯಾರ್ಥಿಗಳು ವಾರಕ್ಕೆ ಅರ್ಧ ದಿನ ಹತ್ತಿರದ ಶಾಲೆಗೆ ಬಂದು ಕ್ಲಾಸಿನಲ್ಲಿ ಕೈಜೋಡಿಸುತ್ತಾರೆ. ಅದಕ್ಕೆ ಡಿಗ್ರಿಯಲ್ಲಿ ಕ್ರೆಡಿಟ್ ಸಿಗುತ್ತದೆ. ಶಾಲೆಯ ಒಬ್ಬ ಟೀಚರ್ ಅವರಿಗೆ ಮೆಂಟರ್. ಈ ಹುಡುಗಿಯೂ ಅಂಥದ್ದೇ ಒಂದು ಕೋರ್ಸಿನಿಂದ ಬಂದವಳು.

ಮೊದಲ ಎರಡು ವಾರ ಸುಮ್ನೆ ಕೂತು ನೋಡಿದಳು. ಮೂರನೇ ವಾರ ಒಬ್ಬ ಹುಡುಗ 1/2 + 1/3 = 2/5 ಅಂತ ಬರೆದಿದ್ದ. ತಪ್ಪು ಅನ್ನೋಕೆ ನಾನು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಅವಳು ಒಂದೇ ಉದ್ದದ ಎರಡು ಕಾಗದದ ಪಟ್ಟಿ ಹರಿದು ಅವನ ಕೈಗಿಟ್ಟಳು. ಒಂದನ್ನು ಅರ್ಧಕ್ಕೆ ಮಡಿಸಿ ಒಂದು ಭಾಗಕ್ಕೆ ಬಣ್ಣ ಹಚ್ಚು, ಇನ್ನೊಂದನ್ನು ಐದು ಮಡಿಕೆ ಮಾಡಿ ಎರಡಕ್ಕೆ ಹಚ್ಚು ಎಂದಳು. ಹುಡುಗ ಎರಡನ್ನೂ ಪಕ್ಕಪಕ್ಕ ಇಟ್ಟು ಸ್ವಲ್ಪ ಹೊತ್ತು ನೋಡಿದ. ಆಮೇಲೆ ತಾನೇ ಕೇಳಿದ: ಕೂಡಿಸಿದ ಮೇಲೆ ಕಮ್ಮಿ ಹೇಗಾಯ್ತು?

ಊರಲ್ಲಿ ನಾನು ಬಿ.ಇಡಿ. ಮಾಡಿದಾಗ ಮೊದಲು ಸೀಟು, ಫೀಸು. ಆಮೇಲೆ ಮೈಕ್ರೋ ಟೀಚಿಂಗ್. ನಮ್ಮ ಗೆಳೆಯರೇ ಎಂಟನೇ ಕ್ಲಾಸಿನ ಮಕ್ಕಳಾಗಿ ಕೂರುತ್ತಿದ್ದರು. ನಿಜವಾದ ಮಕ್ಕಳು ಸಿಕ್ಕಿದ್ದು ಎಷ್ಟೋ ತಿಂಗಳ ಮೇಲೆ. ರಾತ್ರಿಯೆಲ್ಲಾ ಲೆಸನ್ ಪ್ಲಾನ್‌ನಲ್ಲಿ ‘ಸ್ಮರಿಸುತ್ತಾನೆ’, ‘ಗುರುತಿಸುತ್ತಾನೆ’ ಅಂತ ಕಾಲಂ ತುಂಬಿದ್ದೇ ತುಂಬಿದ್ದು. ಹಿಂದಿನ ಬೆಂಚಿನಲ್ಲಿ ಕೂತ ಲೆಕ್ಚರರ್ ‘ಬೋರ್ಡ್ ವರ್ಕ್ ಸುಧಾರಿಸಬೇಕು’ ಎಂದು ಬರೆದು ಸಹಿ ಹಾಕಿ ಹೋಗುತ್ತಿದ್ದರು. ಮಗು ಯಾಕೆ ಹಾಗೆ ಬರೆಯಿತು ಅಂತ ನನ್ನನ್ನು ಯಾರೂ ಕೇಳಲಿಲ್ಲ.

ನನ್ನ ಜೊತೆ ಓದುತ್ತಿದ್ದ ಒಬ್ಬಳು ಮೂರನೇ ಪಾಠ ಮುಗಿಸಿ ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟಳು. ‘ಇದು ನನ್ನಿಂದ ಆಗಲ್ಲ ಕಣೋ’ ಅಂದಳು. ಅವಳಪ್ಪ ಸಾಲ ಮಾಡಿ ಫೀಸು ಕಟ್ಟಿದ್ದರು. ಹೆಣ್ಣುಮಕ್ಕಳಿಗೆ ಟೀಚರ್ ಕೆಲಸ ಒಳ್ಳೇದು ಅಂತ ಮನೆಯವರೆಲ್ಲಾ ಸೇರಿ ನಿರ್ಧರಿಸಿ ಆಗಿತ್ತು. ಅವಳು ಕೋರ್ಸ್ ಮುಗಿಸಿದಳು. ಇವತ್ತಿಗೂ ಪಾಠ ಮಾಡುತ್ತಿದ್ದಾಳೆ, ಇಷ್ಟವಿಲ್ಲದೇನೇ. ಅವಳನ್ನೂ ಅವಳ ಕ್ಲಾಸಿನ ಮಕ್ಕಳನ್ನೂ ನೆನೆದರೆ ಸಂಕಟವಾಗುತ್ತದೆ. ಡಿಗ್ರಿಯಲ್ಲಿದ್ದಾಗಲೇ ಹತ್ತು ಮಧ್ಯಾಹ್ನ ಒಂದು ಶಾಲೆಯಲ್ಲಿ ಕೂತಿದ್ದರೆ ಅವಳಿಗೆ ಆಗಲೇ ಗೊತ್ತಾಗುತ್ತಿತ್ತು, ಅಲ್ವಾ? ನಮ್ಮಲ್ಲಿ ಡಿಗ್ರಿ ಕಾಲೇಜಿರುವ ಊರಲ್ಲೆಲ್ಲಾ ಹೈಸ್ಕೂಲೂ ಇದೆ. ನಡೆದು ಹೋಗುವಷ್ಟು ದೂರ. ಆದರೂ ಒಂದು ಗೇಟಿನಿಂದ ಇನ್ನೊಂದು ಗೇಟಿಗೆ ಯಾರೂ ಮಕ್ಕಳನ್ನು ಕಳಿಸುವುದಿಲ್ಲ.

ಈಗ ಊರಲ್ಲಿ ಎಲ್ಲಾ ಹಾಗೇ ಇಲ್ಲ, ಒಪ್ಪುತ್ತೇನೆ. 2015ರಿಂದ ಬಿ.ಇಡಿ. ಎರಡು ವರ್ಷವಾಗಿದೆ, ಅದರಲ್ಲಿ 20 ವಾರ ಶಾಲೆಯಲ್ಲೇ ಇಂಟರ್ನ್‌ಶಿಪ್. ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆಯಲ್ಲಿ ಡಿಗ್ರಿಯ ಜೊತೆಗೇ ಬಿ.ಇಡಿ. ಓದುವ ನಾಲ್ಕು ವರ್ಷದ ಕೋರ್ಸ್ ಎಷ್ಟೋ ವರ್ಷಗಳಿಂದ ಇದೆ. ಇನ್ನು, ಡಿಗ್ರಿಯಲ್ಲೇ ಪಾಠದ ರುಚಿ ತೋರಿಸುವ ಇಂಗ್ಲೆಂಡಿಗೇ ಹೈಸ್ಕೂಲ್ ಟೀಚರ್‌ಗಳು ಸಾಲುತ್ತಿಲ್ಲ. ಟೀಚರ್ ತರಬೇತಿಗೆ ಇಷ್ಟು ಜನ ಸೇರಬೇಕು ಅಂತ ಸರ್ಕಾರ ಇಟ್ಟುಕೊಂಡ ಗುರಿ ಹೆಚ್ಚುಕಡಿಮೆ ಪ್ರತಿ ವರ್ಷ ತಪ್ಪುತ್ತದೆ.

ಅಣ್ಣನ ಮಗಳು ಈಗ ಬಿ.ಇಡಿ. ಇಂಟರ್ನ್‌ಶಿಪ್‌ನಲ್ಲಿದ್ದಾಳೆ. ಮೊದಲ ದಿನವೇ ಒಂಬತ್ತನೇ ಕ್ಲಾಸಿನ ಬಿ ಸೆಕ್ಷನ್ ಅವಳ ಪಾಲಿಗೆ ಬಂತು. ನಿನ್ನ ಪಾಠ ನೋಡೋಕೆ ಯಾರು ಬರ್ತಾರೆ ಅಂತ ಕೇಳಿದೆ.

‘ಯಾರೂ ಇಲ್ಲ ಚಿಕ್ಕಪ್ಪ, ಮೇಡಂ ಎಲೆಕ್ಷನ್ ಡ್ಯೂಟಿಗೆ ಹೋಗಿದಾರೆ. ಆದ್ರೆ ನಂಗೆ ತುಂಬಾ ಇಷ್ಟ ಆಗ್ತಿದೆ.’

ಆ ಕಾಗದದ ಪಟ್ಟಿಯ ವಿಷಯ ಅವಳಿಗೆ ಹೇಳಿದೆ. ಮಾರನೇ ದಿನ ಫೋಟೋ ಕಳಿಸಿದಳು. ಐದು ಮಡಿಕೆಯ ಪಟ್ಟಿಗಳು, ನ್ಯೂಸ್‌ಪೇಪರಿನಲ್ಲಿ ಹರಿದದ್ದು.