ಸತ್ಯಾಂಶ: ಕಬ್ಬಿಣಾಂಶದ ಮಾತ್ರೆಯಿಂದ ಮಗು ಕಪ್ಪಾಗುವುದಿಲ್ಲ

ಗರ್ಭಿಣಿಯರು ಕಬ್ಬಿಣಾಂಶದ ಮಾತ್ರೆ ನುಂಗಿದರೆ ಹುಟ್ಟುವ ಮಗು ಕಪ್ಪಾಗುತ್ತದೆ ಎಂಬ ವಾಟ್ಸ್‌ಆ್ಯಪ್ ಸಂದೇಶವನ್ನು ಕಾರವಾರ, ಅಂಕೋಲಾ ಕಡೆಯವರು ದಯವಿಟ್ಟು ನಂಬಬಾರದು. ಮಗುವಿನ ಮೈಬಣ್ಣವನ್ನು ನಿರ್ಧರಿಸುವುದು ತಂದೆತಾಯಿಯರಿಂದ ಬಂದ ವಂಶವಾಹಿಗಳು. ಕಪ್ಪಾಗುವುದು ತಾಯಿಯ ಮಲ ಮಾತ್ರ. ಕರುಳು ಹೀರಿಕೊಳ್ಳದೆ ಉಳಿದ ಕಬ್ಬಿಣಾಂಶ ಹೊರಹೋಗುವಾಗ ಹಾಗೆ ಕಾಣುತ್ತದೆ, ಅದರಿಂದ ಅಪಾಯವಿಲ್ಲ. ಈ ಭಯ ಹುಟ್ಟಿದ್ದೂ ಬಹುಶಃ ಅಲ್ಲಿಂದಲೇ.

ಬಸುರಿಯ ದೇಹದಲ್ಲಿ ರಕ್ತದ ಪ್ರಮಾಣ ಹೆಚ್ಚುವುದರಿಂದಲೂ ಮಗುವಿಗೆ ಪಾಲು ಹೋಗಬೇಕಾದುದರಿಂದಲೂ, ಬಂಗಡೆ, ಬಸಳೆ ಉಂಡರೂ ಊಟವೊಂದರಿಂದಲೇ ಕಬ್ಬಿಣಾಂಶ ಸಾಲುವುದು ಕಷ್ಟ. ಆದ್ದರಿಂದಲೇ ನಾಲ್ಕನೇ ತಿಂಗಳಿನಿಂದ ದಿನಕ್ಕೊಂದರಂತೆ ಕನಿಷ್ಠ 180 ಮಾತ್ರೆಗಳನ್ನು ಉಚಿತವಾಗಿ ಕೊಡಲಾಗುತ್ತದೆ. 2017ರಲ್ಲಿ ಆರಂಭವಾದ ಮಾತೃಪೂರ್ಣ ಯೋಜನೆಯ ಅಂಗನವಾಡಿ ಬಿಸಿಯೂಟ ಈ ಮಾತ್ರೆಗೆ ಪೂರಕವೇ ಹೊರತು ಬದಲಿಯಲ್ಲ. ಮಾತ್ರೆಯ ಬೆನ್ನಿಗೇ ಚಹಾ ಕುಡಿದರೆ ಕಬ್ಬಿಣಾಂಶ ಸರಿಯಾಗಿ ಮೈಗೆ ಹತ್ತುವುದಿಲ್ಲವಾದ್ದರಿಂದ, ಊಟವಾಗಿ ಒಂದು ಗಂಟೆ ಕಳೆದ ಮೇಲೆ ಲಿಂಬೆ ಪಾನಕದೊಂದಿಗೆ ನುಂಗುವುದು ಒಳ್ಳೆಯದು.