ತಪ್ಪಿಗೆ ಕಾಲು ಅಂಕ: ಕಳೆಯಬೇಕೇ, ಬಿಡಬೇಕೇ?

ಪರ: ಎಸೆಯುವ ರಿಂಗಿಗೆ ದುಡ್ಡಿರಲಿ
(ಬಳ್ಳಾರಿಯ ಗಣಿತ ಉಪನ್ಯಾಸಕರೊಬ್ಬರು)

ಕೊಪ್ಪಳದ ಗವಿಮಠದ ಜಾತ್ರೆಯಲ್ಲಿ ರಿಂಗ್ ಆಟದವನು ಯಾರಿಗೂ ಪುಕ್ಕಟೆ ರಿಂಗ್ ಕೊಡುವುದಿಲ್ಲ. ಕೊಟ್ಟರೆ ಸಂಜೆಯೊಳಗೆ ಅವನ ಸೋಪು, ಬಾಚಣಿಗೆ, ಗೊಂಬೆ ಎಲ್ಲ ಖಾಲಿ. ನೆಗೆಟಿವ್ ಮಾರ್ಕಿಂಗ್, ಅಂದರೆ ತಪ್ಪು ಉತ್ತರಕ್ಕೆ ಅಂಕ ಕಳೆಯುವುದು, ಇಲ್ಲದ ಪರೀಕ್ಷೆ ಎಂದರೆ ಪುಕ್ಕಟೆ ರಿಂಗಿನ ಜಾತ್ರೆ. ಗೊತ್ತಿಲ್ಲದ್ದನ್ನು ಪ್ರಾಮಾಣಿಕವಾಗಿ ಬಿಟ್ಟವರೇ ಅಲ್ಲಿ ದಡ್ಡರು.

ಲೆಕ್ಕ ಹೀಗಿದೆ. 100 ಪ್ರಶ್ನೆ, ಪ್ರಶ್ನೆಗೊಂದು ಅಂಕ, ನಾಲ್ಕು ಆಯ್ಕೆ. ಒಬ್ಬಾಕೆಗೆ 60 ಖಚಿತವಾಗಿ ಗೊತ್ತು, ಉಳಿದ 40 ಬಿಟ್ಟಳು. ಇನ್ನೊಬ್ಬನಿಗೆ ಗೊತ್ತಿರುವುದು 50, ಮಿಕ್ಕ 50ಕ್ಕೂ ಕಣ್ಣು ಮುಚ್ಚಿ 'ಬಿ' ತುಂಬಿದ. ಸರಾಸರಿಯಲ್ಲಿ ನಾಲ್ಕಕ್ಕೊಂದು ಸರಿ, ಅಂದರೆ ಹನ್ನೆರಡೂವರೆ. ಅವನ ಒಟ್ಟು 62.5 ಆಯಿತು, ಅವಳು 60ಕ್ಕೇ ನಿಂತಳು. ಈಗ ತಪ್ಪಿಗೆ 0.25 ಕಳೆಯಿರಿ. ಮೂವತ್ತೇಳೂವರೆ ತಪ್ಪಿಗೆ 9.375 ಹೋಗಿ ಅವನು 53.125ಕ್ಕೆ ಇಳಿಯುತ್ತಾನೆ. ಮೂರನೇ ಒಂದು ಭಾಗ ಕಳೆದರೆ ತನಗೆ ಗೊತ್ತಿದ್ದ 50ಕ್ಕೇ ಬಂದು ನಿಲ್ಲುತ್ತಾನೆ.

ಸರಾಸರಿ ಎಂದ ಮಾತ್ರಕ್ಕೆ ಎಲ್ಲರಿಗೂ ಹನ್ನೆರಡೂವರೆ ಬರುವುದಿಲ್ಲ. ಹೀಗೆ 50 ಊಹೆ ಹಾಕಿದವರಲ್ಲಿ ಸುಮಾರು ಮೂವರಲ್ಲಿ ಇಬ್ಬರಿಗೆ 10ರಿಂದ 15 ಸರಿಯಾಗುತ್ತವೆ; ಮಿಕ್ಕವರಿಗೆ ಅದಕ್ಕೂ ಕಡಿಮೆ ಇಲ್ಲವೇ ಹೆಚ್ಚು. ಒಂದೇ ಓದು ಓದಿದ ಇಬ್ಬರ ನಡುವೆ ಐದಾರು ಅಂಕದ ಅಂತರ ಬರೀ ಅದೃಷ್ಟದಿಂದ ಬಂದುಬಿಡುತ್ತದೆ. ಅದೃಷ್ಟಕ್ಕೆ ನೌಕರಿ ಕೊಡಬಾರದು. ಇದೊಂದೇ ನನ್ನ ವಾದ. ಹತ್ತು ಸಲ ಕೇಳಿದರೂ ಇದನ್ನೇ ಹೇಳುತ್ತೇನೆ.

ಸಿಇಟಿ ನೋಡಿ. ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ, ಕಳೆಯುವ ಮಾತೇ ಇಲ್ಲ. ಕೊನೆಯ ಮೂರು ನಿಮಿಷದಲ್ಲಿ ಹಾಲ್‌ನಲ್ಲಿ ಪುಟ ತಿರುವುವ ಸದ್ದು ನಿಂತು, ಬರೀ ಪೆನ್ನು ಗೀಚುವ ಸದ್ದು ಉಳಿಯುತ್ತದೆ. ಪ್ರಶ್ನೆ ಯಾರೂ ಓದುತ್ತಿರುವುದಿಲ್ಲ, ವೃತ್ತ ತುಂಬುತ್ತಿರುತ್ತಾರೆ.

ಇನ್ನೊಂದು ಅನುಕೂಲವನ್ನೂ ಹೇಳಿಬಿಡುತ್ತೇನೆ. ಪೊಲೀಸ್ ಕಾನ್‌ಸ್ಟೆಬಲ್ ಪರೀಕ್ಷೆಯಂಥ 100 ಅಂಕದ ಪರೀಕ್ಷೆಯಲ್ಲಿ ಏನನ್ನೂ ಕಳೆಯದಿದ್ದರೆ ಪೂರ್ಣಾಂಕಗಳಷ್ಟೇ ಬರುತ್ತವೆ. ಕಟ್ ಆಫ್ ಹತ್ತಿರ ಒಂದೇ ಅಂಕಕ್ಕೆ ದೊಡ್ಡ ಗುಂಪು ಸೇರುತ್ತದೆ. ಹಾಗಾದಾಗ ಹಲವು ನೇಮಕಾತಿಗಳಲ್ಲಿ ಹುಟ್ಟಿದ ದಿನಾಂಕ ನೋಡಿ ಹಿರಿಯರನ್ನು ಮೇಲಿಡುತ್ತಾರೆ. ಕಾಲು ಕಾಲು ಕಳೆದರೆ ಅರವತ್ತೂಕಾಲು, ಅರವತ್ತೂವರೆ, ಅರವತ್ತೂಮುಕ್ಕಾಲು ಎಂದು ಗುಂಪು ಒಡೆಯುತ್ತದೆ. ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನಮಾನ ಕೊಡುವ ಸಂವಿಧಾನದ 371(ಜೆ) ವಿಧಿಯ ಪ್ರಕಾರ ನಮ್ಮ ಭಾಗದ ಗ್ರೂಪ್ ಸಿ ಹುದ್ದೆಗಳಲ್ಲಿ ಶೇ 80 ಸ್ಥಳೀಯರಿಗೇ ಮೀಸಲು. ಹಾಗಾಗಿ ಪೈಪೋಟಿ ಇರುವುದು ಪಕ್ಕದ ತಾಲ್ಲೂಕಿನವರ ಜೊತೆಗೇ, ಕಾಲು ಅಂಕಕ್ಕೂ ಬೆಲೆಯಿದೆ.

ಎದುರು ಬರೆಯುವವರು ಪ್ರಶ್ನೆಪತ್ರಿಕೆಯ ಕನ್ನಡ ಅನುವಾದ ಕೆಟ್ಟದ್ದೆಂದು ಕಣ್ಣೀರು ಹಾಕುತ್ತಾರೆ, ಗೊತ್ತು. ಅನುವಾದ ಸರಿಮಾಡಿಸಿಕೊಳ್ಳಲಿ. ಅಂಕಕ್ಕೂ ಅದಕ್ಕೂ ಏನು ಸಂಬಂಧ? ಕಾಲು ಭಾಗವೇ ಸರಿಯಾದ ಪ್ರಮಾಣವೇ ಎಂದು ಕೇಳಿದರೆ ಮಾತ್ರ ನಾನು ಸ್ವಲ್ಪ ತಡವರಿಸಬೇಕಾಗುತ್ತದೆ. ನನ್ನನ್ನು ಕೇಳಿದ್ದು ಕಳೆಯಬೇಕೋ ಬೇಡವೋ ಎಂದಷ್ಟೇ. ಕಳೆಯಬೇಕು.

ವಿರೋಧ: ಹೆದರಿದವರಿಗೆ ಹಾಕುವ ದಂಡ
(ರಾಯಚೂರಿನ ತರಬೇತಿ ಶಿಕ್ಷಕರೊಬ್ಬರು)

ಮೇಲಿನ ಲೆಕ್ಕದಲ್ಲೊಂದು ಕೈಚಳಕವಿದೆ. 60 ಗೊತ್ತಿದ್ದಾಕೆ ಉಳಿದ 40 ಬಿಟ್ಟಳು ಎಂದರಲ್ಲ, ಕಳೆಯುವುದೇ ಇಲ್ಲ ಎಂದ ಮೇಲೆ ಅವಳೇಕೆ ಬಿಡುತ್ತಾಳೆ? ಅವಳೂ 'ಬಿ' ತುಂಬುತ್ತಾಳೆ. ಅವಳಿಗೆ 70, ಅವನಿಗೆ 62.5. ಓದಿದವಳೇ ಮುಂದೆ. ಅವಳು ಬಿಡುವುದು ಕಳೆಯುತ್ತಾರೆ ಎಂದು ಹೆದರಿಸಿದಾಗ ಮಾತ್ರ.

ರಿಂಗಿಗೆ ದುಡ್ಡು ಬೇಕು ಎನ್ನುವವರು ದರಪಟ್ಟಿಯನ್ನೂ ಓದಬೇಕಿತ್ತು. ಯುಪಿಎಸ್‌ಸಿ ಪ್ರಿಲಿಮ್ಸ್‌ನಲ್ಲಿ ನಾಲ್ಕು ಆಯ್ಕೆ, ತಪ್ಪಿಗೆ ಮೂರನೇ ಒಂದು ಭಾಗ ಹೋಗುತ್ತದೆ: ಕಣ್ಣು ಮುಚ್ಚಿ ಹಾಕಿದರೆ ಸರಾಸರಿ ಸೊನ್ನೆ. ಐಬಿಪಿಎಸ್ ಬ್ಯಾಂಕ್ ಪರೀಕ್ಷೆಯಲ್ಲಿ ಐದು ಆಯ್ಕೆ, ಕಾಲು ಭಾಗ: ಅಲ್ಲೂ ಸೊನ್ನೆ. ಈ ಎರಡು ಕಡೆ ಲೆಕ್ಕ ಗೊತ್ತಿದ್ದವರು ಕೂತು ನಿಯಮ ಮಾಡಿದ್ದಾರೆ. ಕೆಪಿಎಸ್‌ಸಿಯಲ್ಲಿ, ನೀಟ್‌ನಲ್ಲಿ ಆಯ್ಕೆ ನಾಲ್ಕು, ಕಳೆಯುವುದು ಕಾಲು. ನೀಟ್‌ನಲ್ಲಿ ನಾಲ್ಕು ಪ್ರಶ್ನೆಗೆ ಕುರುಡಾಗಿ ತುಂಬಿ: ಒಂದು ಸರಿಯಾಗಿ 4 ಬಂತು, ಮೂರು ತಪ್ಪಾಗಿ 3 ಹೋಯಿತು, ಒಂದು ಅಂಕ ಜೇಬಲ್ಲಿ ಉಳಿಯಿತು. ಪ್ರಶ್ನೆಗೆ 2 ಅಂಕ, ತಪ್ಪಿಗೆ ಅರ್ಧ ಎನ್ನುವ ಪತ್ರಿಕೆಯಲ್ಲಿ 40 ಬಿಟ್ಟು ಬಂದರೆ ಸರಾಸರಿ 5 ಅಂಕ ಬಿಟ್ಟು ಬಂದ ಹಾಗೆ. ಇಂಥ ದಂಡ ಊಹೆಯನ್ನು ತಡೆಯುವುದಿಲ್ಲ, ಹೆದರುವವರನ್ನು ತಡೆಯುತ್ತದೆ.

ಅದೃಷ್ಟದ ಮಾತಿಗೂ ಉತ್ತರ ಇಲ್ಲೇ ಇದೆ. ಏನೂ ಕಳೆಯದಿದ್ದಾಗ ಊಹೆ ಸರಿಯಾಗುವುದಕ್ಕೂ ತಪ್ಪುವುದಕ್ಕೂ ನಡುವಿನ ಅಂತರ ಒಂದು ಅಂಕ. ಕಾಲು ಕಳೆದರೆ ಒಂದೂಕಾಲು. ಊಹಿಸುವವನ ಮಟ್ಟಿಗೆ ಅದೃಷ್ಟದ ಆಟ ಇನ್ನಷ್ಟು ಜೋರಾಯಿತೇ ಹೊರತು ಕಡಿಮೆಯಾಗಲಿಲ್ಲ.

ಯಾರು ಹೆದರುತ್ತಾರೆ? ಒಂದು ಪ್ರಶ್ನೆಯನ್ನೇ ಹಿಡಿಯೋಣ. 'ಸಂವಿಧಾನಕ್ಕೆ 371(ಜೆ) ಸೇರಿಸಿದ ತಿದ್ದುಪಡಿ ಯಾವುದು? 86, 97, 98, 101.' ಮಸ್ಕಿಯಿಂದ ಬಂದ ಹುಡುಗಿಗೆ 101 ಎಂದರೆ ಜಿಎಸ್‌ಟಿ ಎಂದು ಗೊತ್ತು, 86 ಶಿಕ್ಷಣದ ಹಕ್ಕು ಎಂದೂ ಗೊತ್ತು. ಉಳಿದದ್ದು 97 ಮತ್ತು 98. ಒಂದು ಸಹಕಾರ ಸಂಘಗಳದ್ದು, ಒಂದು ನಮ್ಮದು. ಯಾವುದು ಯಾವುದೆಂದು ಆ ಹೊತ್ತಿಗೆ ಹೊಳೆಯುತ್ತಿಲ್ಲ. ಎರಡರಲ್ಲಿ ಒಂದು ತುಂಬಿದರೆ, 2 ಅಂಕದ ಪತ್ರಿಕೆಯಲ್ಲಿ, ಸರಾಸರಿ ಮುಕ್ಕಾಲು ಅಂಕ ಲಾಭ. ಒಂದೇ ಆಯ್ಕೆ ಹೊಡೆದುಹಾಕಿ ಮೂರು ಉಳಿದಿದ್ದರೂ ಮೂರನೇ ಒಂದು ಅಂಕ ಲಾಭವೇ. ಆದರೆ ಮನೆಯಲ್ಲಿ, ಸರ್ಕಾರಿ ಕಾಲೇಜಿನಲ್ಲಿ ಅವಳಿಗೆ ಹೇಳಿ ಕಳಿಸಿದ್ದು ಒಂದೇ ಮಾತು: 'ಖಾತ್ರಿ ಇಲ್ಲಂದ್ರ ಬಿಟ್ಟು ಬಾರವ್ವ, ಮಾರ್ಕ್ಸ್ ಕಳೀತಾರ.' ಅವಳು ಬಿಡುತ್ತಾಳೆ. ಧಾರವಾಡದಲ್ಲೋ ಬೆಂಗಳೂರಿನಲ್ಲೋ ವರ್ಷಗಟ್ಟಲೆ ರೂಮು ಮಾಡಿಕೊಂಡು ಮಾಕ್ ಟೆಸ್ಟ್ ಬರೆದವನು ಬಿಡುವುದಿಲ್ಲ. ಮೊದಲ ಸುತ್ತಿನಲ್ಲಿ ಖಚಿತವಾದವು, ಎರಡನೇ ಸುತ್ತಿನಲ್ಲಿ ಎರಡು ಆಯ್ಕೆ ಉಳಿದವು, ಮೂರನೇ ಸುತ್ತಿನಲ್ಲಿ ಮೂರು ಉಳಿದವು ಎಂದು ಪ್ರಶ್ನೆಪುಸ್ತಿಕೆಯ ಅಂಚಿನಲ್ಲಿ ಗುರುತು ಹಾಕುತ್ತಲೇ ಹೋಗುತ್ತಾನೆ. ಇಬ್ಬರ ಓದು ಒಂದೇ ಇರಬಹುದು. ಅಂತರ ಬಂದದ್ದು ನಿಯಮದ ಲೆಕ್ಕ ಯಾರಿಗೆ ಗೊತ್ತಿತ್ತು ಎಂಬುದರಿಂದ.

ಅನುವಾದಕ್ಕೂ ಅಂಕಕ್ಕೂ ಏನು ಸಂಬಂಧ ಎಂದು ಕೇಳಿದ್ದಾರೆ. ಕೆಎಎಸ್ ಪ್ರಿಲಿಮ್ಸ್ 2024ರ ಆಗಸ್ಟ್ 27ರಂದು ನಡೆಯಿತು. ಕನ್ನಡ ಪ್ರಶ್ನೆಗಳಲ್ಲಿ ಅಷ್ಟೊಂದು ತಪ್ಪಿದ್ದವು ಎಂದು ಮುಖ್ಯಮಂತ್ರಿಯೇ ಮರುಪರೀಕ್ಷೆಗೆ ಸೂಚಿಸಬೇಕಾಯಿತು. ಡಿಸೆಂಬರ್ 29ರ ಮರುಪರೀಕ್ಷೆಯಲ್ಲೂ ಅದೇ ದೂರು. 'ಸರಿಯಲ್ಲದ ಹೇಳಿಕೆ' ಎಂಬುದು 'ಸರಿಯಾದ ಹೇಳಿಕೆ' ಎಂದು ಅಚ್ಚಾದರೆ ಏನಾಗುತ್ತದೆ ನೋಡಿ. ವಿಷಯ ಗೊತ್ತಿಲ್ಲದವನು ಬಿಟ್ಟು ಸೊನ್ನೆ ಪಡೆಯುತ್ತಾನೆ. ಗೊತ್ತಿದ್ದ ಕನ್ನಡ ಮಾಧ್ಯಮದವಳು ಖಚಿತವಾಗಿ ತುಂಬಿ, 2 ಅಂಕ ಬರುವುದಿರಲಿ, ಅರ್ಧ ಅಂಕ ಕೈಯಿಂದ ಕೊಟ್ಟು ಬರುತ್ತಾಳೆ. ತಪ್ಪಬಾರದೆಂದರೆ ಪ್ರತಿ ಪ್ರಶ್ನೆಯ ಇಂಗ್ಲಿಷನ್ನೂ ಓದಬೇಕು. ಎರಡು ಗಂಟೆಗೆ 100 ಪ್ರಶ್ನೆ ಎಂದರೆ ಒಂದಕ್ಕೆ 72 ಸೆಕೆಂಡ್. ಎರಡೆರಡು ಸಲ ಓದಲು ಅದರಲ್ಲಿ ಎಷ್ಟು ಹೋಯಿತು? ಸಂಬಂಧ ಇರುವುದು ಇಲ್ಲಿ.

2024ರ ನೀಟ್ ಇನ್ನೂ ಕಹಿ ಉದಾಹರಣೆ. ಭೌತಶಾಸ್ತ್ರದ ಒಂದು ಪ್ರಶ್ನೆಯಲ್ಲಿ 'ಪ್ರತಿ ಧಾತುವಿನ ಪರಮಾಣುಗಳೂ ಸ್ಥಿರ' ಎಂಬ ಹೇಳಿಕೆ ಇತ್ತು. ಹಳೆಯ ಎನ್‌ಸಿಇಆರ್‌ಟಿ ಪುಸ್ತಕದಲ್ಲಿ ಅದು ಹಾಗೇ ಇತ್ತು, ಹೊಸದರಲ್ಲಿ 'ಹೆಚ್ಚಿನ ಧಾತುಗಳ' ಎಂದು ತಿದ್ದಿದ್ದರು. ಮೊದಲು ಎರಡು ಉತ್ತರಕ್ಕೂ ಅಂಕ ಕೊಟ್ಟರು. ಸುಪ್ರೀಂ ಕೋರ್ಟ್ ಕೇಳಿದ್ದರಿಂದ ಐಐಟಿ ದೆಹಲಿಯ ತಜ್ಞರು ನೋಡಿ ನಾಲ್ಕನೇ ಆಯ್ಕೆಯೊಂದೇ ಸರಿ ಎಂದರು. ಎರಡನೆಯದನ್ನು ತುಂಬಿದ್ದ 4 ಲಕ್ಷಕ್ಕೂ ಹೆಚ್ಚು ಮಕ್ಕಳಿಗೆ ಕೊಟ್ಟ 4 ವಾಪಸ್, ಮೇಲೆ 1 ದಂಡ. 720ಕ್ಕೆ 720 ಇದ್ದವರಲ್ಲಿ 44 ಮಂದಿ ಆ ಒಂದೇ ಪ್ರಶ್ನೆಗೆ 715ಕ್ಕೆ ಇಳಿದರು. ಅಕ್ಕನ ಹಳೆಯ ಪುಸ್ತಕ ಓದಿ ಪರೀಕ್ಷೆಗೆ ಕೂರುವವರು ಯಾವ ಮನೆಯ ಮಕ್ಕಳು ಎಂದು ನಾನು ಬಿಡಿಸಿ ಹೇಳಬೇಕಿಲ್ಲ.

ಅಮೆರಿಕದ ಕಾಲೇಜು ಪ್ರವೇಶದ ಸ್ಯಾಟ್ ಪರೀಕ್ಷೆ ಐದು ಆಯ್ಕೆಗೆ ಕಾಲು ಅಂಕ ಕಳೆಯುವುದನ್ನು 2016ರಲ್ಲಿ ಕೈಬಿಟ್ಟಿತು. ನಮ್ಮಲ್ಲಿ ಸಿಇಟಿ, ಟಿಇಟಿ, ಯುಜಿಸಿ ನೆಟ್ ಯಾವುದರಲ್ಲೂ ಕಳೆಯುವುದಿಲ್ಲ. ಕೊನೆಯ ಮೂರು ನಿಮಿಷದ ಗೀಚಾಟದ ಬಗ್ಗೆ ಉಪನ್ಯಾಸಕರಿಗೆ ಬೇಸರವಿದ್ದರೆ ಸಮಯ ಹತ್ತು ನಿಮಿಷ ಹೆಚ್ಚಿಸಲಿ.

ನಿಯಮ ಇವತ್ತೇ ಹೋಗುವುದಿಲ್ಲ, ಒಪ್ಪಿದೆ. ಅಲ್ಲಿಯವರೆಗೆ ಪ್ರಶ್ನೆಪುಸ್ತಿಕೆಯ ಮುಖಪುಟದಲ್ಲಿ ತಪ್ಪು ಉತ್ತರಕ್ಕೆ ಕಾಲು ಭಾಗ ಕಳೆಯಲಾಗುವುದು ಎಂದು ದಪ್ಪಕ್ಷರದಲ್ಲಿ ಅಚ್ಚುಹಾಕುವವರು, ಅದರ ಕೆಳಗೇ ಅಷ್ಟೇ ದಪ್ಪಕ್ಷರದಲ್ಲಿ, ಕನ್ನಡದಲ್ಲಿ, ಇನ್ನೊಂದು ಸಾಲು ಹಾಕಲಿ: 'ಒಂದು ಆಯ್ಕೆ ತಪ್ಪೆಂದು ಖಚಿತವಾಗಿದ್ದರೆ, ಉಳಿದ ಮೂರರಲ್ಲಿ ಒಂದನ್ನು ತುಂಬುವುದು ಬಿಡುವುದಕ್ಕಿಂತ ಲಾಭ.'